ರಾತ್ರಿ ಒಂದು ಗಂಟೆ ಆಡುವವರಿಗೆ ಜಿಟಿಎ 5 ಒಳ್ಳೆಯದಾ, ಸ್ಲೀಪಿಂಗ್ ಡಾಗ್ಸ್ ಒಳ್ಳೆಯದಾ?

ಕೇಳಿದ್ದು

ತಮ್ಮ ಪಿಎಸ್5 (ಟಿವಿಗೆ ಹಾಕಿ ಆಡುವ ಪ್ಲೇಸ್ಟೇಷನ್ ಯಂತ್ರ) ತಗೊಂಡ. ಅವನ ಹಳೇ ಪಿಎಸ್4 ನಮ್ಮ ಮನೆಗೆ ಬಂದಿದೆ. ಇಷ್ಟು ದಿನ ಕ್ರಿಕೆಟ್, ಫುಟ್‌ಬಾಲ್ ಗೇಮ್ ಬಿಟ್ಟು ಬೇರೇನೂ ಆಡಿದವನಲ್ಲ. ಊರೆಲ್ಲ ಸುತ್ತಾಡುವ, ಗ್ಯಾಂಗು, ಪೊಲೀಸು, ಕಾರು ಎಲ್ಲ ಇರುವ ಗೇಮ್ ಒಂದನ್ನು ಆಡಬೇಕು ಅಂತ ಆಸೆ. ಎಲ್ಲರೂ ಜಿಟಿಎ 5 ಅನ್ನುತ್ತಾರೆ. ಆಫೀಸಿನಲ್ಲಿ ಒಬ್ಬರು ಸ್ಲೀಪಿಂಗ್ ಡಾಗ್ಸ್ ಆಡಿ ಅಂದರು. ನನಗೆ ಸಿಗುವುದು ರಾತ್ರಿ ಊಟ ಆದ ಮೇಲೆ ಒಂದು ಗಂಟೆ. ಮನೆಯಲ್ಲಿ ಹತ್ತು ವರ್ಷದ ಮಗ ಇದ್ದಾನೆ. ಆಡಿದವರು ದಯವಿಟ್ಟು ಅನುಭವ ಹೇಳಿ.

ಅನುಭವ 1

ಸರ್, ನಾನು ಎರಡನ್ನೂ ಮುಗಿಸಿದ್ದೇನೆ. ನಿಮಗಿರುವ ಸಮಯಕ್ಕೆ ಸ್ಲೀಪಿಂಗ್ ಡಾಗ್ಸ್ ಮೊದಲು ಆಡಿ ಅಂತಲೇ ಹೇಳುತ್ತೇನೆ. ಇದು ಮೊದಲು ಬಂದಿದ್ದು 2012ರಲ್ಲಿ. ಪಿಎಸ್4ಗೆ 2014ರಲ್ಲಿ ಡೆಫಿನಿಟಿವ್ ಎಡಿಷನ್ ಅಂತ ಬಂತು. ಆಮೇಲೆ ಬಿಟ್ಟಿದ್ದ ಹೆಚ್ಚುವರಿ ಕಥೆಗಳೂ ಅದರಲ್ಲೇ ಸೇರಿವೆ, ಅದನ್ನೇ ತಗೊಳ್ಳಿ.

ಕಥೆ ನಡೆಯುವುದು ಹಾಂಗ್‌ಕಾಂಗ್‌ನಲ್ಲಿ. ವೇ ಶೆನ್ ಅನ್ನುವ ಪೊಲೀಸ್ ಅಧಿಕಾರಿ ಅಮೆರಿಕದಿಂದ ತನ್ನ ಹಳೇ ಊರಿಗೆ ಬರುತ್ತಾನೆ. ಗುರುತು ಮುಚ್ಚಿಟ್ಟುಕೊಂಡು ಸನ್ ಆನ್ ಯೀ ಅನ್ನುವ ಗ್ಯಾಂಗಿನೊಳಗೆ ಸೇರಬೇಕು. ಬಾಲ್ಯದ ಗೆಳೆಯ ಜಾಕಿ ಮಾ ಲಾಕಪ್ಪಿನಲ್ಲಿ ಸಿಗುತ್ತಾನೆ, ಅವನ ಕೈ ಹಿಡಿದೇ ಒಳಗೆ ಹೋಗುವುದು. ಅಲ್ಲಿಂದ ಮುಂದಿನದನ್ನು ಹೇಳುವುದಿಲ್ಲ, ನೀವೇ ನೋಡಿ. ಗ್ಯಾಂಗಿನವರು ಇವನನ್ನು ತಮ್ಮವನು ಅಂತ ನಂಬುತ್ತಾ ಹೋದ ಹಾಗೆ ನಮಗೇ ಹೊಟ್ಟೆಯಲ್ಲಿ ಸಂಕಟ ಶುರುವಾಗುತ್ತದೆ.

ನನಗೆ ಈ ಗೇಮ್ ಮೇಲೆ ಇಷ್ಟೊಂದು ಪ್ರೀತಿ ಬರಲು ಕಾರಣ ಅಂಕ ಕೊಡುವ ರೀತಿ. ಒಂದೊಂದು ಮಿಷನ್‌ಗೂ ಎರಡು ಲೆಕ್ಕ ಇರುತ್ತದೆ. ಒಂದು ಪೊಲೀಸ್ ಲೆಕ್ಕ, ಇನ್ನೊಂದು ಗ್ಯಾಂಗಿನ ಲೆಕ್ಕ. ಪೊಲೀಸ್ ಲೆಕ್ಕ ಶುರುವಿನಲ್ಲೇ ತುಂಬಿರುತ್ತದೆ. ದಾರಿಹೋಕರಿಗೆ ಗುದ್ದಿದರೆ, ಕಂಬ ಬೀಳಿಸಿದರೆ ಇಳಿಯುತ್ತಾ ಬರುತ್ತದೆ. ಗ್ಯಾಂಗಿನ ಲೆಕ್ಕ ಸೊನ್ನೆಯಿಂದ ಶುರು. ಜೋರಾಗಿ, ಬಗೆಬಗೆಯಾಗಿ ಹೊಡೆದಷ್ಟೂ ಏರುತ್ತದೆ. ಅಂದರೆ ರೌಡಿಗಳ ಜೊತೆ ರಾಕ್ಷಸನ ಹಾಗೆ ಹೊಡೆದಾಡಿ, ಮರುಕ್ಷಣ ಕಾರು ಹತ್ತಿ ಯಾರಿಗೂ ತಾಗಿಸದೆ ಓಡಿಸಬೇಕು. ವೇ ಶೆನ್‌ನ ಒದ್ದಾಟ ಕಥೆಯಲ್ಲಿ ಮಾತ್ರ ಇಲ್ಲ, ನಮ್ಮ ಬೆರಳಿಗೇ ಬಂದು ಕೂರುತ್ತದೆ. ಈ ಜಾತಿಯ ಗೇಮ್‌ಗಳಲ್ಲಿ ಇಷ್ಟು ಚೆನ್ನಾಗಿ ಯೋಚಿಸಿದ್ದನ್ನು ನಾನು ಬೇರೆ ಕಡೆ ನೋಡಿಲ್ಲ.

ಬಂದೂಕು ಇಲ್ಲಿ ಕಡಿಮೆ. ಕಥೆ ಸುಮಾರು ದೂರ ಹೋಗುವ ತನಕ ಬರೀ ಕೈ ಕಾಲು. ಒಂದು ಗಲ್ಲಿಯಲ್ಲಿ ನಾಲ್ಕು ಜನ ಸುತ್ತುವರಿದಿದ್ದಾರೆ ಅಂದುಕೊಳ್ಳಿ. ಹೊಡೆಯಲು ಬರುವವನ ಮೈ ಕೆಂಪಗೆ ಮಿನುಗುತ್ತದೆ. ಆ ಕ್ಷಣಕ್ಕೆ ಸರಿಯಾಗಿ ತ್ರಿಕೋನದ ಬಟನ್ ಒತ್ತಿದರೆ ವೇ ಶೆನ್ ಅವನ ಕೈಯನ್ನೇ ತಿರುಚಿ ಕೆಡವುತ್ತಾನೆ. ಅಷ್ಟರಲ್ಲಿ ಹಿಂದಿನಿಂದ ಇನ್ನೊಬ್ಬ ಮಿನುಗುತ್ತಾನೆ. ಮೂರನೆಯವನ ಕಾಲರ್ ಹಿಡಿಯಲು ವೃತ್ತದ ಬಟನ್. ಹಿಡಿದ ಕೂಡಲೇ ಸುತ್ತಲಿನ ಕೆಲವು ವಸ್ತುಗಳು ಕೆಂಪಾಗುತ್ತವೆ. ಕಸದ ದೊಡ್ಡ ಡಬ್ಬಿ ಇರಬಹುದು, ಫೋನ್ ಬೂತ್ ಇರಬಹುದು, ಮೀನಿನ ತೊಟ್ಟಿ ಇರಬಹುದು. ಅಲ್ಲಿಗೆ ಎಳೆದುಕೊಂಡು ಹೋಗಿ ಎಸೆಯುವುದು. ಮೊದಲ ಒಂದೆರಡು ರಾತ್ರಿ ಬರೀ ಹೊಡೆಸಿಕೊಳ್ಳುತ್ತೀರಿ, ಬೇಜಾರು ಬೇಡ. ಅವಸರದಲ್ಲಿ ಚೌಕದ ಬಟನ್ ಕುಟ್ಟಬೇಡಿ. ಕೆಂಪು ಮಿನುಗು ಬರುವ ತನಕ ಕಾಯಿರಿ. ಆ ತಾಳ ಸಿಕ್ಕಿದ ಮೇಲೆ ಗೇಮ್ ಬಿಡಲು ಮನಸ್ಸೇ ಬರುವುದಿಲ್ಲ.

ಅಲ್ಲಲ್ಲಿ ಬಚ್ಚಿಟ್ಟಿರುವ ಜೇಡ್ ಕಲ್ಲಿನ ಮೂರ್ತಿಗಳನ್ನು ಹುಡುಕಿ ಗುರುಗಳ ಗರಡಿಗೆ ತಂದುಕೊಡಿ. ಒಂದೊಂದಕ್ಕೂ ಹೊಸ ಪಟ್ಟು ಹೇಳಿಕೊಡುತ್ತಾರೆ. ಬೀದಿ ಬದಿಯ ಪುಟ್ಟ ಗುಡಿಗಳಿಗೆ ಕೈ ಮುಗಿಯುತ್ತಾ ಹೋದರೆ ತಡೆದುಕೊಳ್ಳುವ ಶಕ್ತಿ ಹೆಚ್ಚುತ್ತದೆ. ಜಗಳಕ್ಕೆ ಮೊದಲು ತಿಂಡಿ ಗಾಡಿಯಲ್ಲಿ ಒಂದು ಬನ್ ತಿನ್ನಿ. ಸ್ವಲ್ಪ ಹೊತ್ತು ಗಾಯ ತಾನೇ ಮಾಯುತ್ತದೆ.

ಇನ್ನೊಂದು ಖುಷಿ. ಹಾಂಗ್‌ಕಾಂಗ್‌ನಲ್ಲಿ ನಮ್ಮ ಹಾಗೇ ಎಡಗಡೆ ಗಾಡಿ ಓಡಿಸುತ್ತಾರೆ. ಹೊಸದಾಗಿ ಆಡುವ ನಮ್ಮವರಿಗೆ ಇದು ಸಣ್ಣ ಅನುಕೂಲವಲ್ಲ. ತಿರುವಿನಲ್ಲಿ ಕೈ ತಾನಾಗಿ ಸರಿ ಕಡೆಗೇ ಹೋಗುತ್ತದೆ. ಮಾತೆಲ್ಲ ಹೆಚ್ಚಾಗಿ ಇಂಗ್ಲಿಷ್, ಸಿಟ್ಟು ಬಂದಾಗ, ದೊಡ್ಡವರ ಎದುರು ನಿಂತಾಗ ನಡುನಡುವೆ ಕ್ಯಾಂಟನೀಸ್. ಸಬ್‌ಟೈಟಲ್ ಹಾಕಿಕೊಳ್ಳಿ.

ಕೊರತೆ ಇಲ್ಲವೇ ಅಂದರೆ ಇದೆ. ಕಾರುಗಳು ಆಟಿಕೆಯ ಹಾಗೆ ಹಗುರ. ಗುಂಡಿನ ಕಾಳಗ ಸಾಧಾರಣ. ಹುಡುಗಿಯರ ಕಥೆಗಳು ಶುರುವಾಗಿ ಅರ್ಧಕ್ಕೇ ನಿಂತುಹೋಗುತ್ತವೆ, ಆ ಪಾತ್ರಗಳಿಗೆ ನ್ಯಾಯ ಸಿಕ್ಕಿಲ್ಲ. ಊರು ನಾಲ್ಕೇ ಭಾಗ, ಕಥೆ ಮುಗಿದ ಮೇಲೆ ಮಾಡಲು ಜಾಸ್ತಿ ಇಲ್ಲ. ಆದರೆ ಮುಖ್ಯ ಕಥೆ ಸುಮಾರು 15 ಗಂಟೆಗೆ ಮುಗಿಯುತ್ತದೆ. ದಿನಕ್ಕೆ ಒಂದು ಗಂಟೆ ಆಡುವವರು ಕಥೆಯ ಎಳೆ ಮರೆಯುವುದರೊಳಗೆ ಕೊನೆ ಮುಟ್ಟಬಹುದು. ಇದನ್ನು ಮಾಡಿದ ಯುನೈಟೆಡ್ ಫ್ರಂಟ್ ಗೇಮ್ಸ್ ಅನ್ನುವ ಕೆನಡಾದ ಕಂಪನಿ 2016ರಲ್ಲಿ ಮುಚ್ಚಿಹೋಯಿತು. ಎರಡನೇ ಭಾಗ ಬರಲೇ ಇಲ್ಲ. ನನಗೆ ಈಗಲೂ ಅದು ನೋವೇ.

ಅನುಭವ 2

ಅಣ್ಣಾ, ಮೇಲಿನವರು ಹೇಳಿದ್ದೆಲ್ಲ ನಿಜ. ಆದರೂ ನಾನು ಜಿಟಿಎ 5 ಪರ. ಹೊಡೆದಾಟ ಮುಖ್ಯವಾದರೆ ಅದು, ಊರು ಮುಖ್ಯವಾದರೆ ಇದು.

ಲಾಸ್ ಏಂಜಲೀಸ್ ನೋಡಿಕೊಂಡು ಕಟ್ಟಿದ ಲಾಸ್ ಸ್ಯಾಂಟೋಸ್ ಅದು. ಊರಷ್ಟೇ ಅಲ್ಲ. ಆಚೆಗೆ ಮರಳುಗಾಡು, ಉಪ್ಪು ಕೆರೆ, ಚಿಲಿಯಾಡ್ ಬೆಟ್ಟ. ಆಫೀಸಿನಿಂದ ತಲೆ ಕೆಟ್ಟು ಬಂದ ದಿನ ನಾನು ಮಿಷನ್ ಮುಟ್ಟುವುದೇ ಇಲ್ಲ. ಸುಮ್ನೆ ಒಂದು ಬೈಕ್ ಹತ್ತಿ, ರೇಡಿಯೋ ಹಾಕಿಕೊಂಡು, ಸಮುದ್ರದ ಪಕ್ಕದ ಹೈವೇಯಲ್ಲಿ ಬೆಟ್ಟದ ಕಡೆ ಹೋಗುತ್ತೇನೆ. 2013ರಲ್ಲಿ ಪಿಎಸ್3ಗೆ ಬಂದ ಗೇಮ್, ಪಿಎಸ್4ಗೆ 2014ರಲ್ಲಿ ಬಂತು. ಇವತ್ತಿಗೂ ಅಲ್ಲಿನ ಸಂಜೆಯ ಬೆಳಕು ನೋಡಿದರೆ ಹಳೇದು ಅನ್ನಿಸುವುದಿಲ್ಲ.

ಮೂವರು ನಾಯಕರು. ದರೋಡೆ ಬಿಟ್ಟು ಸಂಸಾರ ಮಾಡಲು ಒದ್ದಾಡುತ್ತಿರುವ ಮೈಕಲ್, ಮೇಲೆ ಬರಬೇಕೆಂದಿರುವ ಹುಡುಗ ಫ್ರಾಂಕ್ಲಿನ್, ಯಾರ ಹಿಡಿತಕ್ಕೂ ಸಿಗದ ಟ್ರೆವರ್. ಯಾವಾಗ ಬೇಕಾದರೂ ಒಬ್ಬರಿಂದ ಇನ್ನೊಬ್ಬರಿಗೆ ಹಾರಬಹುದು. ಕ್ಯಾಮೆರಾ ಆಕಾಶಕ್ಕೆ ಏರಿ ಇನ್ನೊಂದು ಮೂಲೆಯಲ್ಲಿ ಇಳಿಯುತ್ತದೆ. ನಾವು ಇಲ್ಲದಾಗಲೂ ಅವರು ತಮ್ಮ ಪಾಡಿಗೆ ಏನೋ ಮಾಡುತ್ತಿರುತ್ತಾರೆ. ಟ್ರೆವರ್ ಅಂತೂ ಎಲ್ಲಿ, ಯಾವ ಅವಸ್ಥೆಯಲ್ಲಿ ಸಿಗುತ್ತಾನೆ ಅಂತ ಹೇಳಲು ಬರುವುದಿಲ್ಲ.

ದೊಡ್ಡ ದರೋಡೆಗಳೇ ಇದರ ಜೀವ. ಒಡವೆ ಅಂಗಡಿಯ ದರೋಡೆ ತಗೊಳ್ಳಿ. ಬಂದೂಕು ಹಿಡಿದು ನುಗ್ಗುವುದಾ, ಗ್ಯಾಸ್ ಬಿಟ್ಟು ಎಲ್ಲರನ್ನೂ ಮಲಗಿಸುವುದಾ ಅನ್ನುವುದು ನಿಮ್ಮ ಆಯ್ಕೆ. ಜೊತೆಗೆ ಯಾರು ಬರಬೇಕು ಅನ್ನುವುದೂ ನಿಮ್ಮದೇ. ಕಡಿಮೆ ಪಾಲು ಕೇಳುವ ಹ್ಯಾಕರ್ ಇಟ್ಟುಕೊಂಡರೆ ಅಲಾರಂ ತಡೆದು ಹಿಡಿಯುವ ಸಮಯವೂ ಕಡಿಮೆ, ಅಷ್ಟು ಒಡವೆ ಅಂಗಡಿಯಲ್ಲೇ ಉಳಿಯುತ್ತದೆ.

ಹೊಸಬರಿಗೆ ಎರಡು ಮಾತು. ದರೋಡೆಗಳ ಯೋಜನೆ ಹಾಕಿಕೊಡುವ ಲೆಸ್ಟರ್ ಅನ್ನುವವನು ಕೊಡುವ ಕೊಲೆ ಸುಪಾರಿಗಳಲ್ಲಿ ಮೊದಲನೆಯದನ್ನು ಕಥೆಗಾಗಿ ಮಾಡಲೇಬೇಕು. ಮಿಕ್ಕ ನಾಲ್ಕನ್ನು ಕೊನೆಯ ದೊಡ್ಡ ದರೋಡೆ ಮುಗಿಯುವ ತನಕ ಮುಟ್ಟಬೇಡಿ. ಪ್ರತಿ ಸುಪಾರಿಯಿಂದಲೂ ಯಾವುದೋ ಕಂಪನಿಯ ಷೇರು ಏರುತ್ತದೆ. ಕೈಯಲ್ಲಿ ಕೋಟಿಗಟ್ಟಲೆ ಇದ್ದಾಗ ಮೂವರ ಹಣವನ್ನೂ ಅದಕ್ಕೆ ಹಾಕಿದರೆ ಲಾಭ ನೋಡಬೇಕು. ಇನ್ನೊಂದು, ಒಂದೇ ಜಾಗದಲ್ಲಿ ಮೂರು ಸಲ ಸೋತರೆ ಆ ಭಾಗ ದಾಟಿ ಹೋಗುತ್ತೀರಾ ಅಂತ ಗೇಮೇ ಕೇಳುತ್ತದೆ. ಹೋಗಿ. ಸಂಕೋಚ ಯಾಕೆ?

ಇಷ್ಟವಾಗದ್ದೂ ಹೇಳಬೇಕು. ನಡುವೆ ಒಬ್ಬನನ್ನು ಕುರ್ಚಿಗೆ ಕಟ್ಟಿ ಚಿತ್ರಹಿಂಸೆ ಕೊಡುವ ಮಿಷನ್ ಇದೆ. ಯಾವ ಉಪಕರಣ ಅಂತ ಆರಿಸುವುದು ನಾವೇ. ಸರ್ಕಾರಿ ಏಜೆನ್ಸಿಗಳ ಕ್ರೌರ್ಯವನ್ನು ತೋರಿಸಲು ಇಟ್ಟಿದ್ದಾರೆ, ಗೊತ್ತು. ಆದರೂ ಆ ಬಟನ್ ನನ್ನ ಕೈಯಲ್ಲಿ ಒತ್ತಿಸುವ ಅಗತ್ಯ ಇರಲಿಲ್ಲ. ಹೆಂಗಸರ ಪಾತ್ರಗಳನ್ನು ಬರೆದ ರೀತಿಯೂ ನನಗೆ ಸರಿ ಕಾಣಲಿಲ್ಲ.

ಮುಖ್ಯ ಕಥೆಗೇ 30 ಗಂಟೆ ಹತ್ತಿರ ಬೇಕು. ಹಾರ್ಡ್ ಡಿಸ್ಕಿನಲ್ಲಿ ಜಾಗವೂ ಜಾಸ್ತಿ ಬೇಕು, ತಮ್ಮನ ಹಳೇ ಗೇಮ್ ಇದ್ದರೆ ಮೊದಲು ಅಳಿಸಿ. ಕಥೆ ಆಡಲು ಪಿಎಸ್ ಪ್ಲಸ್ ಚಂದಾ ಬೇಡ, ಆನ್‌ಲೈನ್ ಆಡಲು ಬೇಕು. ನಿಮ್ಮ ಒಂದು ಗಂಟೆಗೆ ಆನ್‌ಲೈನ್ ಬೇಡ ಅಂತ ನನ್ನ ಸಲಹೆ. ಅದರಲ್ಲಿ ಹೊತ್ತು ಹೋಗುವುದೇ ತಿಳಿಯುವುದಿಲ್ಲ.

ಅನುಭವ 3

ಓದುವ ತಾಳ್ಮೆ ಇದ್ದರೆ ಯಾಕುಜಾ 0 ಕೂಡ ಪಟ್ಟಿಗೆ ಸೇರಿಸಿಕೊಳ್ಳಿ. 1988ರ ಜಪಾನ್. ಟೋಕಿಯೋದ ಕಬುಕಿಚೋ ನೋಡಿಕೊಂಡು ಮಾಡಿದ ಒಂದು ಪೇಟೆ, ಒಸಾಕಾದ್ದು ಇನ್ನೊಂದು. ಕಾರು ಓಡಿಸುವ ಹಾಗಿಲ್ಲ, ಎಲ್ಲ ಕಾಲ್ನಡಿಗೆ. ಮಾತು ಜಪಾನಿ, ಇಂಗ್ಲಿಷ್ ಅಕ್ಷರ ಓದಬೇಕು, ಅದೂ ಉದ್ದುದ್ದ. ಆದರೆ ಬೀದಿಯಲ್ಲಿ ಸಿಗುವ ಜನರ ಸಣ್ಣ ಸಣ್ಣ ಕಥೆಗಳಿಗೆ ನಾನು ಕಣ್ಣಲ್ಲಿ ನೀರು ಹಾಕಿಕೊಂಡಿದ್ದೇನೆ. ಮೊದಲ ಗೇಮ್ ಆಗಿ ಬೇಡ, ಎರಡನೆಯದಾಗಿ ಆಡಿ.

ಅನುಭವ 4

ಸರ್, ನಿಮ್ಮ ಮಗನ ವಿಷಯ ಯಾರೂ ಎತ್ತಲಿಲ್ಲ, ಅದಕ್ಕೆ ಬರೆಯುತ್ತಿದ್ದೇನೆ. ನಮ್ಮ ಮನೆಯಲ್ಲೂ ಅದೇ ವಯಸ್ಸಿನವಳಿದ್ದಾಳೆ, ಆಡುವವಳು ನಾನು. ಮೊದಲಿನ ಎರಡು ಗೇಮ್‌ಗಳೂ ಯುರೋಪಿನ ಲೆಕ್ಕದಲ್ಲಿ 18 ದಾಟಿದವರಿಗೆ. ಡಬ್ಬಿಯ ಮೇಲೇ ಬರೆದಿರುತ್ತದೆ. ಸ್ಲೀಪಿಂಗ್ ಡಾಗ್ಸ್‌ನಲ್ಲಿ ಬಂದೂಕು ಕಡಿಮೆ ಅಂದ ಮಾತ್ರಕ್ಕೆ ಮಕ್ಕಳು ನೋಡಬಹುದು ಅಂತ ಅಂದುಕೊಳ್ಳಬೇಡಿ. ಓಡುವ ಫ್ಯಾನಿಗೆ ಮುಖ ಒತ್ತುವುದೆಲ್ಲ ಇದೆ. ಕೈಯಲ್ಲಿ ಹೊಡೆಯುವುದು ಹತ್ತಿರದಿಂದ ಕಾಣುವುದರಿಂದ ನನಗೆ ಜಿಟಿಎಗಿಂತ ಅದೇ ಹೆಚ್ಚು ಕ್ರೂರ ಅನ್ನಿಸಿತು.

ಮಕ್ಕಳು ಮಲಗಿದ ಮೇಲೆ ಆಡುತ್ತೇನೆ ಅಂದರೆ ಸಾಲದು. ಮರುದಿನ ಮಧ್ಯಾಹ್ನ ಅವರೇ ಆನ್ ಮಾಡುತ್ತಾರೆ. ಮಗನಿಗೆ ಬೇರೆಯೇ ಖಾತೆ ಮಾಡಿ, ವಯಸ್ಸಿನ ಮಿತಿ ಹಾಕಿ. ನಿಮ್ಮ ಖಾತೆಗೆ ಪಾಸ್‌ಕೋಡ್ ಇಡಿ. ಸೆಟ್ಟಿಂಗ್ಸ್‌ನಲ್ಲಿ ಪೇರೆಂಟಲ್ ಕಂಟ್ರೋಲ್ಸ್ ಒಳಗೆ ಹೋಗಿ ಹೊಸ ಬಳಕೆದಾರರನ್ನು ಸೇರಿಸುವುದನ್ನೂ, ಅತಿಥಿಯಾಗಿ ಲಾಗಿನ್ ಆಗುವುದನ್ನೂ ಮುಚ್ಚಿ. ಇದನ್ನು ಬಿಟ್ಟರೆ ಮಿಕ್ಕಿದ್ದೆಲ್ಲ ದಂಡ.

ಅವನಿಗೂ ಒಂದು ಊರು ಬೇಕಲ್ವಾ? ಲೆಗೋ ಸಿಟಿ ಅಂಡರ್‌ಕವರ್ ತಂದುಕೊಡಿ. ಪಿಎಸ್4ಗೆ 2017ರಲ್ಲಿ ಬಂತು. ಅದರಲ್ಲೂ ಚೇಸ್ ಮೆಕೇನ್ ಅನ್ನುವ ಪೊಲೀಸ್ ವೇಷ ಮರೆಸಿಕೊಂಡು ಕಳ್ಳರ ನಡುವೆ ಸೇರುತ್ತಾನೆ. ಅದರಲ್ಲೂ ದೊಡ್ಡ ಊರು, ಕಾರು, ಓಟ. ರಕ್ತ ಇಲ್ಲ, ಒಡೆದದ್ದೆಲ್ಲ ಲೆಗೋ ಚೂರು. ಪರದೆ ಎರಡು ಭಾಗವಾಗಿ ಇಬ್ಬರು ಒಟ್ಟಿಗೆ ಆಡಬಹುದು, ಇನ್ನೊಂದು ಕಂಟ್ರೋಲರ್ ಇದ್ದರೆ ಸಾಕು. ಭಾನುವಾರ ಬೆಳಗ್ಗೆ ನಾವಿಬ್ಬರೂ ಆಡುವುದು ಅದನ್ನೇ. ನಿಮ್ಮ ತಮ್ಮನ ಹತ್ತಿರ ಎರಡನೇ ಹಳೇ ಕಂಟ್ರೋಲರ್ ಬಿದ್ದಿರಬಹುದು, ಕೇಳಿ ನೋಡಿ.