ಗವರ್ನರ್ ಎಂದರೆ ರಾಜ್ಯಪಾಲೆಯೇ? ಎಲಾ ಗ್ರಾಸೊ ಪರಿಚಯದ ಕೆಲವು ಪದಗಳು

ಪ್ರಶ್ನೆ: ಅಮೆರಿಕದ ಕನೆಕ್ಟಿಕಟ್ ರಾಜ್ಯದ ಎಲಾ ಗ್ರಾಸೊ (1919–1981) ಅವರ ಕಿರುಪರಿಚಯದ ಕರಡಿನಲ್ಲಿ ‘1959ರಿಂದ ವಿದೇಶಾಂಗ ಸಚಿವೆ, 1971ರಿಂದ ಕಾಂಗ್ರೆಸ್ ಸದಸ್ಯೆ, 1975ರಿಂದ ದೇಶದ ಮೊದಲ ಮಹಿಳಾ ರಾಜ್ಯಪಾಲೆ’ ಎಂದಿದೆ. ಸರಿಯೇ?

ಉತ್ತರ: ಇಸವಿಗಳು ಸರಿ, ಪದಗಳು ಸರಿಯಿಲ್ಲ.

ವಿದೇಶಾಂಗ ನೋಡಿಕೊಳ್ಳುವ ಸೆಕ್ರೆಟರಿ ಆಫ್ ಸ್ಟೇಟ್ ಇರುವುದು ವಾಷಿಂಗ್ಟನ್ನಿನಲ್ಲಿ. ಕನೆಕ್ಟಿಕಟ್‌ನ ಹುದ್ದೆ ‘ಸೆಕ್ರೆಟರಿ ಆಫ್ ದ ಸ್ಟೇಟ್’. ಇಲ್ಲಿ ಸ್ಟೇಟ್ ಎಂದರೆ ಆ ರಾಜ್ಯವೇ. ಚುನಾವಣೆಯ ಮೇಲ್ವಿಚಾರಣೆ, ಕಂಪನಿಗಳ ನೋಂದಣಿ, ಸರ್ಕಾರಿ ದಾಖಲೆ ಇವು ಅದರ ಕೆಲಸ, ಆರಿಸುವವರು ಮತದಾರರು. ‘ರಾಜ್ಯ ಕಾರ್ಯದರ್ಶಿ’ ಎಂದರೆ ನಮ್ಮವರಿಗೆ ಐಎಎಸ್ ಅಧಿಕಾರಿಯೋ ಪಕ್ಷದ ಪದಾಧಿಕಾರಿಯೋ ಕಾಣುತ್ತಾರೆ. ಮೂಲದ ಹೆಸರನ್ನೇ ಇಟ್ಟು, ಮೊದಲ ಸಲ ಬಂದಾಗ ಕೆಲಸವನ್ನು ಬಿಡಿಸಿ ಹೇಳಿ.

‘ಕಾಂಗ್ರೆಸ್ ಸದಸ್ಯೆ’ ಓದಿದವರು ಪಕ್ಷದ ಹೆಸರೆಂದುಕೊಳ್ಳುತ್ತಾರೆ. ಆಕೆ ಡೆಮಾಕ್ರಟಿಕ್ ಪಕ್ಷದವರು. ‘ಅಮೆರಿಕ ಸಂಸತ್ತಿನ ಕೆಳಮನೆ ಸದಸ್ಯೆ’ ಸಾಕು.

ಇನ್ನು ರಾಜ್ಯಪಾಲೆ. ವಿ.ಎಸ್. ರಮಾದೇವಿ 1999ರಲ್ಲಿ ಕರ್ನಾಟಕಕ್ಕೆ ರಾಜ್ಯಪಾಲೆಯಾಗಿ ಬಂದದ್ದು ರಾಷ್ಟ್ರಪತಿಯ ನೇಮಕದಿಂದ. ಸರ್ಕಾರ ನಡೆಸುತ್ತಿದ್ದವರು ಮುಖ್ಯಮಂತ್ರಿ ಎಸ್.ಎಂ. ಕೃಷ್ಣ. ಗ್ರಾಸೊ 1974ರ ನವೆಂಬರಿನಲ್ಲಿ ಜನರ ಮತದಿಂದ ಗೆದ್ದರು. ಬಜೆಟ್ ಮಂಡನೆ ಅವರದು, ಮಸೂದೆಗೆ ವಿಟೊ ಹಾಕುವ, ಅಂದರೆ ಅದನ್ನು ತಡೆಯುವ ಅಧಿಕಾರವೂ ಅವರದು. ವಿಟೊ ಮೀರಲು ಎರಡೂ ಮನೆಗಳಲ್ಲಿ ಮೂರನೇ ಎರಡರಷ್ಟು ಮತ ಬೇಕು. 1978ರ ಫೆಬ್ರವರಿಯ ಭಾರಿ ಹಿಮಪಾತದಲ್ಲಿ ರಾಜ್ಯದ ರಸ್ತೆಗಳನ್ನು ಮುಚ್ಚಿಸಿದ್ದೂ ಅವರ ಆದೇಶವೇ. ‘ರಾಜ್ಯಪಾಲರು ರಸ್ತೆ ಮುಚ್ಚಿಸಿದರು’ ಎಂದು ಬರೆದರೆ, ರಾಷ್ಟ್ರಪತಿ ಆಳ್ವಿಕೆ ಬಂತೇನೋ ಅಂದುಕೊಂಡಾರು! ಹಾಗೆಂದು ‘ಮುಖ್ಯಮಂತ್ರಿ’ಯೂ ಹೊಂದದು: ಅಲ್ಲಿ ಸದನದ ಬಹುಮತದ ಮೇಲೆ ಹುದ್ದೆ ನಿಂತಿಲ್ಲ, ಅವಿಶ್ವಾಸ ನಿರ್ಣಯದಿಂದ ಇಳಿಸಲಾಗದು. ‘ಗವರ್ನರ್’ ಎಂದೇ ಬರೆಯಿರಿ, ಪತ್ರಿಕೆಗಳಲ್ಲೂ ರೂಢಿಯಲ್ಲಿದೆ.

‘ಮೊದಲ ಮಹಿಳಾ’ ಎಂಬುದಕ್ಕೂ ಒಂದು ವಿಶೇಷಣ ಬೇಕು. ವಯೋಮಿಂಗ್‌ನ ನೆಲ್ಲಿ ಟೇಲೊ ರಾಸ್, ಟೆಕ್ಸಸ್‌ನ ಮಿರಿಯಂ ಫರ್ಗುಸನ್ 1925ರಲ್ಲೇ ಗವರ್ನರ್ ಆಗಿದ್ದರು. 1967ರಲ್ಲಿ ಅಲಬಾಮದ ಲರ್ಲೀನ್ ವಾಲೆಸ್. ಮೂವರ ಗಂಡಂದಿರೂ ಹಿಂದೆ ಅದೇ ಹುದ್ದೆಯಲ್ಲಿದ್ದವರು. ಆದ್ದರಿಂದ ‘ಗಂಡ ಗವರ್ನರ್ ಆಗಿರದೆಯೂ ಚುನಾವಣೆಯಲ್ಲಿ ಗೆದ್ದು ಗವರ್ನರ್ ಆದ ಮೊದಲ ಮಹಿಳೆ’ ಎನ್ನಿ. ಉದ್ದವಾಯಿತು, ಆದರೆ ಬೇರೆ ದಾರಿಯಿಲ್ಲ.

ಕ್ಯಾನ್ಸರ್‌ನಿಂದಾಗಿ ಗ್ರಾಸೊ 1980ರ ಡಿಸೆಂಬರ್ 31ರಂದು ರಾಜೀನಾಮೆ ಕೊಟ್ಟಾಗ ಅಧಿಕಾರ, ಗವರ್ನರ್ ನಂತರದ ಹುದ್ದೆಯಲ್ಲಿದ್ದ ವಿಲಿಯಂ ಓನೀಲ್ ಅವರಿಗೆ ಹೋಯಿತು. ಅವರನ್ನು ‘ಉಪ ರಾಜ್ಯಪಾಲ’ ಎನ್ನಬೇಡಿ, ದೆಹಲಿ ನೆನಪಾಗುತ್ತದೆ. ಲೆಫ್ಟಿನೆಂಟ್ ಗವರ್ನರ್ ಎಂದೇ ಇರಲಿ.