ಸಹಾಯ ಬೇಕು: ತಾಂಡಾದ ಕೂಸಿನ ಮನೆಗೆ ಕುಡಿಯುವ ನೀರು

ಅಣ್ಣಂದಿರೇ, ಅಕ್ಕಂದಿರೇ, ನಮಸ್ಕಾರ. ಯಾದಗಿರಿ ಜಿಲ್ಲೆ ಸುರಪುರ ತಾಲ್ಲೂಕಿನ ಒಂದು ತಾಂಡಾದ ಕೂಸಿನ ಮನೆ, ಅಂದರೆ ಚಿಕ್ಕ ಮಕ್ಕಳನ್ನು ಹಗಲು ನೋಡಿಕೊಳ್ಳುವ ಕೇಂದ್ರದ ಬಗ್ಗೆ ಬರೆಯುತ್ತಿದ್ದೇನೆ. ಹತ್ತಿ ಬಿಡಿಸಲು ಕೂಲಿಗೆ ಹೋಗುವ ತಾಯಂದಿರು ಬೆಳಗ್ಗೆಯೇ ಮಕ್ಕಳನ್ನು ಇಲ್ಲಿ ಬಿಟ್ಟು ಹೋಗುತ್ತಾರೆ, ಎಲ್ಲ ಮೂರು ವರ್ಷದೊಳಗಿನವರು. ಕುಡಿಯಲು ಬೋರ್‌ವೆಲ್ ನೀರೇ ಗತಿ. ಕೊಡದ ಒಳಗೆಲ್ಲ ಬಿಳಿ ಪದರ ಕಟ್ಟಿದೆ, ಉಜ್ಜಿದರೂ ಬಿಡುವುದಿಲ್ಲ. ಅದು ಗಡಸು ನೀರಿನ ಗುರುತು, ಇರಲಿ ಬಿಡಿ. ನನಗೆ ಭಯ ಇರುವುದು ಕಣ್ಣಿಗೆ ಕಾಣದ ಫ್ಲೋರೈಡ್, ಆರ್ಸೆನಿಕ್‌ದು. ನಮ್ಮ ತಾಲ್ಲೂಕಿನ ಕೆಲವು ಊರುಗಳ ಬೋರ್ ನೀರಿನಲ್ಲಿ ಇವು ಸಿಕ್ಕಿವೆ, ಗೊತ್ತಲ್ವಾ. ಕಾಯಿಸಿ ಕುಡಿಸಿ ಅಂತ ಎಲ್ಲರೂ ಸುಮ್ನೆ ಹೇಳುತ್ತಾರೆ. ಕಾಯಿಸಿದರೆ ಕ್ರಿಮಿ ಸಾಯುತ್ತವೆ, ಆದರೆ ಫ್ಲೋರೈಡ್ ಹೋಗಲ್ಲ, ನೀರು ಆವಿಯಾದಷ್ಟೂ ಉಳಿದ ನೀರಿನಲ್ಲಿ ಅದು ಜಾಸ್ತಿಯೇ ಆಗುತ್ತದೆ. ಲೀಟರಿಗೆ 1.5 ಮಿಲಿಗ್ರಾಂ ದಾಟಿದರೆ ಆ ನೀರು ಕುಡಿಯಲು ಬರುವುದಿಲ್ಲ.

ಮೊದಲು ನೀರು ಪರೀಕ್ಷೆ ಆಗಬೇಕು. ಫ್ಲೋರೈಡ್ ಜೊತೆ ಆರ್ಸೆನಿಕ್ ಕೂಡ ನೋಡುವ ಲ್ಯಾಬ್ ಹತ್ತಿರದಲ್ಲಿ ಎಲ್ಲಿದೆ, ಬಾಟಲಿ ಹೇಗೆ ತುಂಬಿ ಕಳಿಸಬೇಕು, ತಿಳಿದವರು ಹೇಳಿ. ಅಲ್ಲಿಯವರೆಗೆ ಪಕ್ಕದ ಊರಿನ ಶುದ್ಧ ನೀರಿನ ಘಟಕದಿಂದ ದಿನಾ ಎರಡು ಕ್ಯಾನ್ ತಂದುಕೊಡುವ ಆಟೋದವರು ಯಾರಾದರೂ ಇದ್ದೀರಾ? ಬಾಡಿಗೆ ನಾವು ಕೊಡುತ್ತೇವೆ. ನಲ್ಲಿ, ಮುಚ್ಚಳ ಇರುವ ಸ್ಟೀಲ್ ಡ್ರಮ್ ಒಂದು ಸಿಕ್ಕರೂ ಸಾಕು, ಹಳೆಯದಾದರೂ ನಡೆಯುತ್ತದೆ. ಈಗ ಎಲ್ಲ ಮಕ್ಕಳೂ ಒಂದೇ ಲೋಟ ಅದ್ದಿ ಕುಡಿಯುತ್ತಿದ್ದಾರೆ. ಇನ್‌ಬಾಕ್ಸ್ ಮಾಡಿ.