ಫೋರ್ತ್ ಸೇತುವೆಗೆ ಅಷ್ಟೊಂದು ಉಕ್ಕು ಬೇಕಿತ್ತಾ?

ಗಾಲಿಚಕ್ರ:
ಸ್ಕಾಟ್ಲೆಂಡಿನ ಫೋರ್ತ್ ರೈಲು ಸೇತುವೆ ಅಂದರೆ ಹೊಗಳದವರೇ ಇಲ್ಲ. ನನಗೆ ಮಾತ್ರ ಒಂದು ತಕರಾರಿದೆ. ಎಡಿನ್‌ಬರೋ ಹತ್ತಿರದ ಅಳಿವೆ ದಾಟೋಕೆ 1882ರಿಂದ 1890ರವರೆಗೆ ಇದನ್ನು ಕಟ್ಟಿದರು. ಉದ್ದ ಎರಡೂವರೆ ಕಿ.ಮೀ. ಹತ್ತಿರ. ಉಕ್ಕು 50 ಸಾವಿರ ಟನ್‌ಗೂ ಜಾಸ್ತಿ, ಉಕ್ಕಿನ ತಗಡುಗಳನ್ನು ಜೋಡಿಸೋ ರಿವೆಟ್ ಮೊಳೆ ಸುಮಾರು 65 ಲಕ್ಷ. ಮೇಲೆ ಓಡೋದು ಜೋಡಿ ಹಳಿ, ಅಷ್ಟೇ. ನನ್ನ ಪ್ರಕಾರ ಇದು ಲೆಕ್ಕ ಹಾಕಿ ಕಟ್ಟಿದ್ದಲ್ಲ, ಹೆದರಿ ಕಟ್ಟಿದ್ದು.

ಸಿವಿಲ್ ಮೇಷ್ಟ್ರು:
ಹೆದರೋಕೆ ಕಾರಣ ಇತ್ತಲ್ಲ ಸ್ವಾಮಿ. 1879ರ ಡಿಸೆಂಬರ್ 28ರ ರಾತ್ರಿ ಬಿರುಗಾಳಿಗೆ ಸ್ಕಾಟ್ಲೆಂಡಿನದೇ ಇನ್ನೊಂದು ರೈಲು ಸೇತುವೆ, ಟೇ ಸೇತುವೆ, ಕುಸಿದು ರೈಲು ಸಮೇತ ನೀರಿಗೆ ಬಿತ್ತು. ರೈಲಿನಲ್ಲಿದ್ದವರು ಒಬ್ಬರೂ ಬದುಕಲಿಲ್ಲ. ಅದರ ಎಂಜಿನಿಯರ್ ಥಾಮಸ್ ಬೌಚ್ ಗಾಳಿಯ ಒತ್ತಡಕ್ಕೆ ಅಂತ ಬೇರೆ ಲೆಕ್ಕವನ್ನೇ ಇಟ್ಟಿರಲಿಲ್ಲ. ಫೋರ್ತ್‌ಗೂ ಅವರದೇ ತೂಗುಸೇತುವೆಯ ನಕ್ಷೆ ಒಪ್ಪಿಗೆಯಾಗಿ ಕೆಲಸ ಶುರುವಾಗಿತ್ತು! ಅದನ್ನು ಕೈಬಿಟ್ಟು ಜಾನ್ ಫೌಲರ್ ಮತ್ತು ಬೆಂಜಮಿನ್ ಬೇಕರ್ ಅವರ ಕ್ಯಾಂಟಿಲಿವರ್ (ಗೋಪುರದಿಂದ ಎರಡೂ ಕಡೆ ತೋಳು ಚಾಚಿ ನಿಲ್ಲೋ) ನಕ್ಷೆ ತೆಗೆದುಕೊಂಡರು. ಗಾಳಿ ಚದರಡಿಗೆ 56 ಪೌಂಡ್ ತಳ್ಳಿದರೂ ಸೇತುವೆ ನಿಲ್ಲಬೇಕು ಅಂತ ಸರ್ಕಾರದ ಬೋರ್ಡ್ ಆಫ್ ಟ್ರೇಡ್ ಷರತ್ತು ಹಾಕಿತು.

ಗಾಲಿಚಕ್ರ:
ನನ್ನ ತಕರಾರು ಆ 56ರ ಮೇಲೇ. ಬೇಕರ್ ಅಳಿವೆ ನಡುವಿನ ಇಂಚ್‌ಗಾರ್ವಿ ದ್ವೀಪದಲ್ಲಿ ಗಾಳಿ ಅಳೆಯೋ ಹಲಗೆಗಳನ್ನು ನಿಲ್ಲಿಸಿದ್ದರು. ಒಂದು 300 ಚದರಡಿ, ಉಳಿದವು ಪುಟಾಣಿ. ಅದೇ ಗಾಳಿಗೆ ಚಿಕ್ಕ ಹಲಗೆ ಜಾಸ್ತಿ ಒತ್ತಡ ತೋರಿಸಿತು, ದೊಡ್ಡದು ಕಡಿಮೆ. ಯಾಕೆಂದರೆ ಜೋರಾದ ಹೊಡೆತ ಇಡೀ ಹಲಗೆಗೆ ಒಟ್ಟಿಗೆ ಬೀಳಲ್ಲ. ಇನ್ನು ಅಷ್ಟು ದೊಡ್ಡ ಸೇತುವೆಗೆ ಬೀಳುತ್ತದಾ? ಅಂದರೆ ಷರತ್ತು ಅತಿಯಾಯಿತು ಅಂತ ಅವರದೇ ಹಲಗೆ ಹೇಳ್ತಿತ್ತು.

ಶರಾವತಿ ದಂಡೆ:
ನಡುವೆ ಬಾಯಿ ಹಾಕ್ತಿದ್ದೇನೆ. ನಮ್ಮ ಹೊನ್ನಾವರದಲ್ಲೂ ಅಳಿವೆ ಅಗಲವೇ. ಕೊಂಕಣ ರೈಲ್ವೆಯವರು ಸಾಲಾಗಿ ಕಂಬ ಊರಿ ಎರಡು ಕಿ.ಮೀ.ಗೂ ಉದ್ದದ ಸೇತುವೆ ಮಾಡಿಲ್ವಾ? ಅಲ್ಲಿ ಮಾತ್ರ ಈ ಸರ್ಕಸ್ ಯಾಕೆ?

ಸಿವಿಲ್ ಮೇಷ್ಟ್ರು:
ಒಳ್ಳೇ ಪ್ರಶ್ನೆ. ಫೋರ್ತ್‌ನಲ್ಲಿ ದ್ವೀಪದ ಎರಡೂ ಬದಿ ನೀರು ಸುಮಾರು 60 ಮೀಟರ್ ಆಳ. ಅಂಥ ಕಡೆ ಆ ಕಾಲದಲ್ಲಿ ಕಂಬ ಎಲ್ಲಿ ಊರೋದು? ದೊಡ್ಡ ಹಡಗುಗಳೂ ಹೋಗಬೇಕು, ಅದಕ್ಕೇ ಕೆಳಗೆ 46 ಮೀಟರ್ ಜಾಗ ಬಿಟ್ಟಿದ್ದಾರೆ. ಹಾಗಾಗಿ ಎರಡು ದಡದಲ್ಲಿ ಒಂದೊಂದು, ದ್ವೀಪದಲ್ಲಿ ಒಂದು, ಹೀಗೆ ಮೂರು ಗೋಪುರ. ದೊಡ್ಡ ಅಂತರಗಳು ಎರಡೇ, ತಲಾ 521 ಮೀಟರ್.

ಇದು ಹೇಗೆ ನಿಲ್ಲುತ್ತೆ ಅಂತ ಬೇಕರ್ ಜನರನ್ನೇ ಕೂರಿಸಿ ತೋರಿಸಿದ್ದರು. ಇಬ್ಬರು ಕುರ್ಚಿ ಮೇಲೆ ಕೈ ಚಾಚಿ ಕೂತಿದ್ದಾರೆ. ಕೈಯಿಂದ ಕುರ್ಚಿಯ ಬುಡಕ್ಕೆ ಓರೆಯಾಗಿ ಕೋಲು. ಹೊರಗಿನ ಕೈಗಳಿಗೆ ಇಟ್ಟಿಗೆಯ ಭಾರ. ಒಳಗಿನ ಕೈಗಳ ನಡುವೆ ಒಂದು ಹಲಗೆ, ಅದರ ಮೇಲೆ ಜಪಾನಿನ ಎಂಜಿನಿಯರ್ ಕೈಚಿ ವತನಾಬೆ ಆರಾಮಾಗಿ ಕೂತಿದ್ದಾರೆ. ತೋಳು ಜಗ್ಗುತ್ತೆ, ಕೋಲು ಒತ್ತುತ್ತೆ, ಇಟ್ಟಿಗೆ ಆಚೆ ಮಗುಚದಂತೆ ಹಿಡಿಯುತ್ತೆ. ಸೇತುವೆಯಲ್ಲೂ ಇದೇ. ಎರಡು ಕಡೆಯಿಂದ 680 ಅಡಿ ತೋಳು, ನಡುವೆ 350 ಅಡಿಯ ತೊಲೆ.

ಎಡಿನ್‌ಬರೋ ಕನ್ನಡತಿ:
ಮೇಷ್ಟ್ರು ಹೇಳಿದ ಆ ಕೋಲುಗಳನ್ನು ಹತ್ತಿರದಿಂದ ನೋಡಬೇಕು. 12 ಅಡಿ ದಪ್ಪದ ಕೊಳವೆಗಳು, ಒಳಗೆ ಕಾರು ಓಡಿಸಬಹುದು! ಜಗ್ಗೋ ಭಾಗಗಳು ಮಾತ್ರ ಜಾಲರಿ ಥರ ತೆಳ್ಳಗೆ. ಎಲ್ಲಿ ಒತ್ತಡ, ಎಲ್ಲಿ ಎಳೆತ ಅಂತ ನನ್ನಂಥ ಎಂಜಿನಿಯರ್ ಅಲ್ಲದವಳಿಗೂ ಗೊತ್ತಾಗುತ್ತೆ. ಹೆದರಿ ಕಟ್ಟಿದ್ದರೆ ಎಲ್ಲವೂ ದಪ್ಪಗಿರಬೇಕಿತ್ತು ಅಲ್ವಾ? ಆಗ ಕವಿ, ಕಲಾವಿದ ವಿಲಿಯಂ ಮಾರಿಸ್‌ನಂಥವರು ಇದನ್ನು ಕುರೂಪ ಅಂತ ಬೈದಿದ್ದರು. 2015ರಲ್ಲಿ ಯುನೆಸ್ಕೋ ವಿಶ್ವ ಪರಂಪರೆ ಪಟ್ಟಿಗೇ ಸೇರಿತು.

ಸಿವಿಲ್ ಮೇಷ್ಟ್ರು:
ಇನ್ನು ಉಕ್ಕಿಗೆ ಕೈ ಬಿಗಿ ಹಿಡಿದು ಕಟ್ಟಿದರೆ ಏನಾಗುತ್ತೆ ಅನ್ನೋದಕ್ಕೆ ಕೆನಡಾದ ಕ್ವಿಬೆಕ್ ಸೇತುವೆ ನೋಡಿ. ಅದೂ ಕ್ಯಾಂಟಿಲಿವರೇ. 1907ರ ಆಗಸ್ಟ್‌ನಲ್ಲಿ ಕಟ್ಟುತ್ತಿರುವಾಗಲೇ ಕುಸಿಯಿತು, 75 ಕೆಲಸಗಾರರು ಸತ್ತರು.

ಗಾಲಿಚಕ್ರ:
ಮೇಷ್ಟ್ರೇ, ಕ್ವಿಬೆಕ್ ಬಿದ್ದದ್ದು ಗಾಳಿಗಲ್ಲ. ನಡುವಿನ ಅಂತರವನ್ನು 1600 ಅಡಿಯಿಂದ 1800ಕ್ಕೆ ಏರಿಸಿದರು, ಸೇತುವೆಯ ಸ್ವಂತ ಭಾರವನ್ನು ಸರಿಯಾಗಿ ಮತ್ತೆ ಲೆಕ್ಕ ಹಾಕಲಿಲ್ಲ. ಅದು ಸೋಮಾರಿತನ. ಸೋಮಾರಿತನಕ್ಕೆ ಮದ್ದು ಲೆಕ್ಕ, ಉಕ್ಕಲ್ಲ.

ಸಿವಿಲ್ ಮೇಷ್ಟ್ರು:
ಸರಿ, ಲೆಕ್ಕವನ್ನೇ ಹಿಡಿಯೋಣ. ಎರಡನೇ ಸಲ ಲೆಕ್ಕ ಹಾಕಿ 1917ರಲ್ಲಿ ಮುಗಿಸಿದ ಕ್ವಿಬೆಕ್ ಮೊದಲಿನದಕ್ಕಿಂತ ಎಷ್ಟೋ ಭಾರವಾಯಿತು. ಲೆಕ್ಕವೇ ಉಕ್ಕು ಕೇಳಿತು ತಾನೇ? 1890ರಲ್ಲಿ ಕಂಪ್ಯೂಟರ್ ಇರಲಿಲ್ಲ. ಗೊತ್ತಿಲ್ಲದ್ದಕ್ಕೆ ಸ್ವಲ್ಪ ಜಾಸ್ತಿ ಇಡೋದು ಹೆದರಿಕೆ ಅಲ್ಲ, ವಿವೇಕ.

ಕೂಲಿಮಠ:
ಟನ್ನು, ಪೌಂಡು ಎಲ್ಲಾ ಆಯ್ತು. ಕಟ್ಟಿದವರ ಸುದ್ದಿ ಯಾರೂ ಎತ್ತಲಿಲ್ಲ. ಸತ್ತವರು 57 ಅಂತ ಬಹಳ ಕಾಲ ಹೇಳುತ್ತಿದ್ದರು. ಸ್ಥಳೀಯ ಇತಿಹಾಸಕಾರರು ದಾಖಲೆ ಕೆದಕಿದ ಮೇಲೆ 73 ಆಯಿತು. ತೋಳುಗಳ ಕೆಳಗೆ ದೋಣಿ ನಿಲ್ಲಿಸಿದ್ದರಿಂದ ನೀರಿಗೆ ಬಿದ್ದ ಎಂಟು ಜನ ಉಳಿದರು. 1890ರ ಮಾರ್ಚ್ 4ರಂದು ಯುವರಾಜ ಬಂದು ಚಿನ್ನದ ಲೇಪದ ಕೊನೇ ರಿವೆಟ್ ಹೊಡೆದು ಹೋದ. ಉಳಿದ ಲಕ್ಷಗಟ್ಟಲೆ ರಿವೆಟ್ ಯಾರು ಹೊಡೆದರು? ಗಾಲಿಚಕ್ರ ಹೇಳೋ ಹಾಗೆ ಉಕ್ಕು ಅತಿಯಾಗಿದ್ದರೆ, ಆ ಎತ್ತರದಲ್ಲಿ ಮಾಡಿದ ಕೆಲಸವೂ ಅತಿಯಾಯಿತು. ನನಗೆ ಅದೇ ಮುಖ್ಯ ವಾದ.

ಗಾಲಿಚಕ್ರ:
ಈ ಮಾತು ನನಗೂ ಹೊಳೆದಿರಲಿಲ್ಲ. ಮೇಷ್ಟ್ರು ಇದಕ್ಕೆ ಏನಂತಾರೋ?

ಸಿವಿಲ್ ಮೇಷ್ಟ್ರು:
ಕಡಿಮೆ ಉಕ್ಕಿನ ಟೇ ಸೇತುವೆಯಲ್ಲಿ ಪ್ರಯಾಣಿಕರು ಸತ್ತರು ಅಂತೀನಿ. ಆದರೆ ಕೆಲಸಗಾರರಿಗೆ ಅದು ಸಮಾಧಾನ ಅಲ್ಲ, ಒಪ್ತೀನಿ.

ಶರಾವತಿ ದಂಡೆ:
ಇದಕ್ಕೆ ಬಣ್ಣ ಬಳಿಯೋದು ಮುಗಿಯೋದೇ ಇಲ್ಲವಂತೆ, ನಿಜವಾ?

ಎಡಿನ್‌ಬರೋ ಕನ್ನಡತಿ:
ಅದು ಹಳೇ ಮಾತು. ಹಳೇ ಬಣ್ಣದ ಪದರ ಕೆರೆದು, ಗಾಜಿನ ಚೂರು ಬೆರೆಸಿದ ಎಪಾಕ್ಸಿ ಬಣ್ಣ ಹೊಡೆದು 2011ರಲ್ಲಿ ಕೆಲಸ ಮುಗಿಸಿದರು. ಇಪ್ಪತ್ತು ವರ್ಷಕ್ಕಂತೂ ಮೋಸ ಇಲ್ಲ ಅಂದಿದ್ದಾರೆ. ಇತ್ತ ಬಂದರೆ ಹೇಳಿ. ಆದರೆ ರೈಲಲ್ಲಿ ಕೂತು ಹುಡುಕಬೇಡಿ, ಕಿಟಕಿಯಾಚೆ ಕೆಂಪು ಕಂಬಿಗಳು ಸರ್ರಂತ ಹೋಗೋದು ಬಿಟ್ಟರೆ ಏನೂ ಕಾಣಲ್ಲ. ಡಾಲ್ಮೆನಿ ಸ್ಟೇಷನ್ನಲ್ಲಿ ಇಳಿದು ಸೌತ್ ಕ್ವೀನ್ಸ್‌ಫೆರಿ ದಡಕ್ಕೆ ನಡೆದು ಬನ್ನಿ. ಜಾಕೆಟ್ ಮರೀಬೇಡಿ, ಗಾಳಿ 56 ಪೌಂಡ್ ಇರಲ್ಲ, ಆದರೂ ಕಡಿಮೆ ಏನಲ್ಲ.